ತೂಕ ನೋಡಿ ತಂದ ಬ್ಯಾಟರಿ

ನಾನು ಒಂದು ಸೈಕಲ್ಲು. ಬರೀ ಸೈಕಲ್ಲಲ್ಲ, ಹಿಂದಿನ ಗಾಲಿಯೊಳಗೆ ಮೋಟರು ಇರುವ ಸೈಕಲ್ಲು. ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಿಡುಕು ಬಾಯಿ. ಮನಸ್ಸು ಹಗುರ ಮಾಡಿಕೊಳ್ಳಲು ಬಂದವರು ಬೇರೆ ಯಾರ ಕಥೆಯನ್ನಾದರೂ ಕೇಳಿಕೊಳ್ಳಿ.

ದೊಡ್ಡ ಊರೊಂದರ ಹೊರಗೆ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಕೊಳವೆ ಒಂದು ಕಡೆಯಿಂದ ಬಂತು, ಗಾಲಿ ಇನ್ನೊಂದು ಕಡೆಯಿಂದ, ಮೋಟರು ಸಮುದ್ರದಾಚೆಯಿಂದ. ಬೆಸುಗೆ ಹಾಕಿದರು, ಉಜ್ಜಿದರು, ನೀಲಿ ಬಣ್ಣ ಹೊಡೆದರು. ಎಲ್ಲ ಮುಗಿದ ಮೇಲೆ ಕೆಳಗಿನ ಕೊಳವೆಯ ಮೇಲೆ ಒಂದು ಕರಿಯ ಪೆಟ್ಟಿಗೆ ಕೂರಿಸಿ ಕೀಲಿ ತಿರುಗಿಸಿದರು. ಅದೇ ಬ್ಯಾಟರಿ. ಎಳೆಯ ಸೋರೆಕಾಯಿಯಷ್ಟು ಗಾತ್ರ, ಎರಡೂವರೆ ಕಿಲೋ ತೂಕ. ಅದು ಬಂದು ಕೂತದ್ದೇ ಮೈಯೆಲ್ಲ ಜುಮ್ಮೆಂದಿತು. ನನ್ನ ಜೀವ ನನ್ನ ಮೈಯೊಳಗಿಲ್ಲ, ಕಳಚಿ ಪಕ್ಕಕ್ಕಿಡುವ ಪೆಟ್ಟಿಗೆಯಲ್ಲಿದೆ ಎಂದು ಅವತ್ತೇ ತಿಳಿಯಿತು. ತಿಳಿದು ಏನು ಬಂತು?

ನನ್ನನ್ನು ಮೊದಲು ಕೊಂಡವರು ರಾಣೆಬೆನ್ನೂರಿನ ಒಬ್ಬ ಡಾಕ್ಟರು. ಹೊಟ್ಟೆ ಕರಗಿಸಬೇಕೆಂದು ಕೊಂಡರು. ಮೂರು ವಾರ ಬೆಳಿಗ್ಗೆ ಬೆಳಿಗ್ಗೆ ತುಳಿದರು. ತುಳಿದರು ಅಂದರೆ ಗುಂಡಿ ಒತ್ತಿ ಸುಮ್ಮನೆ ಕೂತರು, ಓಡಿದ್ದು ನಾನು. ಹೊಟ್ಟೆ ಇದ್ದಲ್ಲೇ ಇತ್ತು. ಆಮೇಲೆ ಆಸ್ಪತ್ರೆಯ ಹಿಂದಿನ ಪಡಸಾಲೆಯಲ್ಲಿ ನಿಲ್ಲಿಸಿ ನನ್ನನ್ನು ಮರೆತೇಬಿಟ್ಟರು. ಒಂದೂವರೆ ವರ್ಷ. ಬ್ಯಾಟರಿಗೆ ಒಮ್ಮೆಯೂ ಕರೆಂಟು ತೋರಿಸಲಿಲ್ಲ. ಉಣಿಸದೆ ಕಟ್ಟಿಹಾಕಿದ ಎತ್ತಿನ ಹಾಗೆ ಅದು ಒಳಗೊಳಗೇ ಬಡವಾಯಿತು. ಮನುಷ್ಯರ ರೋಗ ನೋಡುವವರಿಗೆ ನನ್ನ ರೋಗ ಎಲ್ಲಿ ಕಾಣಬೇಕು?

ಆ ಡಾಕ್ಟರ ಹತ್ತಿರ ಕೆಮ್ಮು ತೋರಿಸಲು ಬರುತ್ತಿದ್ದವನು ಮೈಲಾರಪ್ಪ. ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿದವನು. ಬೆನ್ನ ಮೇಲೆ ಚೀಲ, ಮೂಗಿನೊಳಗೆ ಘಾಟು. ಬೆನ್ನು ಗಟ್ಟಿ ಉಳಿಯಿತು, ಶ್ವಾಸಕೋಶ ಜರಡಿಯಾಯಿತು. ನಾಲ್ಕು ಹೆಜ್ಜೆ ಇಟ್ಟರೆ ನಿಂತು ಉಸಿರು ಹುಡುಕಬೇಕು. ಹಮಾಲಿ ಬಿಟ್ಟ ಮೇಲೆ ತನ್ನ ಊರಿನಲ್ಲಿ ನೀರಗಂಟಿಯ ಕೆಲಸ ಹಿಡಿದಿದ್ದ. ಡಾಕ್ಟರು ಊರು ಬಿಡುವಾಗ ನನ್ನನ್ನು ಅವನಿಗೆ ಸುಮ್ಮನೆ ಕೊಟ್ಟರು. ಕೊಡುತ್ತಾ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಮೈಲಾರಪ್ಪ, ಇದನ್ನ ತಗೊಂಡು ಹೋಗು. ಒಂದು ಮಾತು ಮಾತ್ರ ಮರೀಬ್ಯಾಡ. ಇನ್ನು ಮುಂದ ಭಾರ ಎತ್ತಬ್ಯಾಡ."

ಅವನು ಹೂಂ ಅಂದ.

ನೀರಗಂಟಿ ಅಂದರೆ ಊರಿಗೆ ನೀರು ಬಿಡುವವನು. ಅವನ ಊರಾದ ಕುಂಟನಹೊಸಳ್ಳಿಯಿಂದ ಎರಡು ಮೈಲಿ ದೂರದಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ನೀರಿನ ಟ್ಯಾಂಕು. ಅದರ ಬುಡದಲ್ಲಿ ಮೂರು ತಗ್ಗು, ತಗ್ಗಿಗೊಂದು ನೀರು ಬಿಡುವ, ಕಟ್ಟುವ ವಾಲು. ಒಂದು ಊರೊಳಗಿನದು, ಒಂದು ಜನತಾ ಪ್ಲಾಟಿನದು, ಒಂದು ತಾಂಡಾದ್ದು. ವಾಲು ತಿರುವಲು ಎದೆಯೆತ್ತರದ ಕಬ್ಬಿಣದ ಚಾವಿ ಇರುತ್ತದೆ, ಮೇಲೆ ಅಡ್ಡ ಹಿಡಿಕೆ. ಆ ಚಾವಿ ಯಾರ ಕೈಯಲ್ಲಿದೆಯೋ ಅವನೇ ನೀರಗಂಟಿ. ಬೇರೆ ಕಾಗದ ಇಲ್ಲ, ಪತ್ರ ಇಲ್ಲ. ಮೈಲಾರಪ್ಪ ಅದನ್ನು ನನ್ನ ನಡುಕೊಳವೆಗೆ ಹಗ್ಗದಿಂದ ಬಿಗಿದು, ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದ. ದಿಬ್ಬದ ಏರು ಬಂದಾಗ ಗುಂಡಿ ಒತ್ತುತ್ತಿದ್ದ. ನಾನು ಅವನನ್ನು ಹೊತ್ತು ಏರುತ್ತಿದ್ದೆ. ಅವನ ಕಾಲು ಸುಮ್ಮನೆ ತಿರುಗುತ್ತಿತ್ತು, ಉಸಿರು ಉಳಿಯುತ್ತಿತ್ತು.

ಮೂರು ವರ್ಷ ಹೀಗೆ ನಡೆಯಿತು. ನನ್ನ ಬಾಳಿನಲ್ಲಿ ಬಾಳು ಅನ್ನಿಸಿಕೊಂಡದ್ದು ಆ ಮೂರೇ ವರ್ಷ. ನೀರು ಹತ್ತು ನಿಮಿಷ ತಡವಾದರೆ ನಲ್ಲಿಯ ಹತ್ತಿರದ ಹೆಂಗಸರು ನನ್ನನ್ನೂ ಸೇರಿಸಿ ಬೈಯುತ್ತಿದ್ದರು. ಗಾಡಿಗೆ ನಿದ್ದಿ ಬಂದಿತ್ತೋ, ಗಾಡಿಯವಗೋ ಎಂದು ಕೇಳುತ್ತಿದ್ದರು. ಬೈಸಿಕೊಳ್ಳುವುದೂ ಒಂದು ಮರ್ಯಾದೆಯೇ. ಬೇಕಾದವರನ್ನೇ ಜನ ಬೈಯುವುದು.

ಆ ಊರಿನಲ್ಲಿ ಬ್ಯಾಟರಿ ಅಂದರೆ ಕತ್ತಲಲ್ಲಿ ಹಿಡಿದು ಹೋಗುವ ದೀಪ. ಅದರೊಳಗೆ ಹಾಕುವುದು ಸೆಲ್ಲು. ನನ್ನ ಪೆಟ್ಟಿಗೆಯನ್ನು ಬ್ಯಾಟರಿ ಎಂದಾಗ ಪಕ್ಕದ ಮನೆಯ ಮುದುಕಿ ಬಲ್ಬು ಎಲ್ಲೈತಿ ಎಂದು ತಿರುಗಿಸಿ ತಿರುಗಿಸಿ ನೋಡಿದ್ದಳು. ಸೆಲ್ಲು ಮಂಕಾದರೆ ಆ ಕಡೆಯವರು ಬಿಸಾಕುವುದಿಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಾರೆ. ಕಾದ ಸೆಲ್ಲು ಇನ್ನೂ ಎರಡು ದಿನ ಬೆಳಕು ಕೊಡುತ್ತದೆ. ಅಪ್ಪ ಅಜ್ಜನ ಕಾಲದ ರೂಢಿ, ಸುಳ್ಳೂ ಅಲ್ಲ.

ಮೈಲಾರಪ್ಪನ ಹೆಂಡತಿ ಕೊಟ್ರವ್ವ. ಮಾತು ಕಡಿಮೆ, ಕೈ ಚುರುಕು. ನಾಲ್ಕನೆಯ ವರ್ಷ ನನ್ನ ಬ್ಯಾಟರಿ ಸೋಲತೊಡಗಿತು. ಏರಿನ ಮುಕ್ಕಾಲಿಗೆ ಹಿಡಿಕೆಯ ಹತ್ತಿರ ಚಾರ್ಜು ತೋರಿಸುವ ದೀಪ ಆರುತ್ತಿತ್ತು, ಮೈಲಾರಪ್ಪ ತಳ್ಳಿಕೊಂಡು ಹೋಗುತ್ತಿದ್ದ. ಮನೆಗೆ ಬಂದು ಗೋಡೆಗೆ ಒರಗಿ ಕೂತರೆ ತಾಸುಗಟ್ಟಲೆ ಬಾಯಿ ತೆರೆದೇ ಇರುತ್ತಿತ್ತು. ಅದನ್ನು ನೋಡಲಾರದೆ, ಏಪ್ರಿಲ್ ತಿಂಗಳ ಒಂದು ದಿನ ಅವನು ಮಲಗಿದ್ದಾಗ, ಕೊಟ್ರವ್ವ ಪೆಟ್ಟಿಗೆ ಬಿಚ್ಚಿಕೊಂಡು ಹೋಗಿ ಚಾವಣಿಯ ತಗಡಿನ ಮೇಲೆ ಬಿಸಿಲಿಗೆ ಇಟ್ಟಳು. ಹತ್ತು ಗಂಟೆಗೆ ಇಟ್ಟವಳು ನಾಲ್ಕಕ್ಕೆ ಇಳಿಸಿದಳು. ನಡುವೆ ಒಮ್ಮೆ ಮೇಲೆ ಹತ್ತಿ ಮಗ್ಗುಲು ಬೇರೆ ಬದಲಿಸಿದ್ದಳು.

ನಾನು ಕೆಳಗೆ ನಿಂತಿದ್ದೆ. ನನ್ನ ಬಾಯಿ ಮನುಷ್ಯರಿಗೆ ಕೇಳುವಂತಿದ್ದರೆ ಊರು ಹಾರಿಹೋಗುವಂತೆ ಕೂಗುತ್ತಿದ್ದೆ.

ಇಳಿಸಿದಾಗ ಪೆಟ್ಟಿಗೆ ಸತ್ತ ಎಮ್ಮೆಯ ಹೊಟ್ಟೆಯ ಹಾಗೆ ಉಬ್ಬಿತ್ತು. ತನ್ನ ಜಾಗದಲ್ಲಿ ಕೂರಲೇ ಇಲ್ಲ. ಕೊಟ್ರವ್ವ ಬಚ್ಚಿಡಲಿಲ್ಲ. ಗಂಡನ ಮುಂದೆ ತಂದಿಟ್ಟು, ಬಿಸಿಲಿಗೆ ಇಟ್ಟಿದ್ದೆ ಎಂದು ನೆಲ ನೋಡುತ್ತಾ ಹೇಳಿದಳು. ಮೈಲಾರಪ್ಪ ಬೈಯಲಿಲ್ಲ. "ಅದೇನು ಹಪ್ಪಳಾನ?" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವಳು ಅವನ ಬೆನ್ನು ನೀವಿದಳು.

ಹೊಸ ಬ್ಯಾಟರಿ ತರಬೇಕಾಯಿತು. ತರದಿದ್ದರೆ ಏನಾಗುತ್ತದೆ ಎಂದು ಪಂಚಾಯ್ತಿ ಮೆಂಬರು ಫಕ್ಕೀರಗೌಡ ಮನೆಯ ಕಟ್ಟೆಯ ಮೇಲೆ ಕೂತು ಸ್ಪಷ್ಟವಾಗಿ ಹೇಳಿಹೋಗಿದ್ದ. ಮೋಟರ್ ಸೈಕಲ್ಲಿದ್ದವರು ಇಬ್ಬರು ಚಾವಿ ಕೇಳುತ್ತಿದ್ದಾರೆ, ಇಂದಲ್ಲ ನಾಳೆ ಕೊಡಬೇಕಾಗುತ್ತದೆ ಎಂದ. ಮೈಲಾರಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಮೈ ಒಪ್ಪುತ್ತಿರಲಿಲ್ಲ. ಚಾವಿ ಹೋದರೆ ಕೊಟ್ರವ್ವ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗಬೇಕು, ಗಂಡನ ಎದೆ ತಿಂದ ಅದೇ ಘಾಟಿಗೆ. ಅದೊಂದು ಆಗಬಾರದು ಎಂದು ಅವನು ಹಟ ಹಿಡಿದಿದ್ದ.

ನನ್ನನ್ನು ಸಾಮಾನಿನ ಆಟೋದಲ್ಲಿ ಹಾಕಿಕೊಂಡು ಗಂಡ ಹೆಂಡತಿ ರಾಣೆಬೆನ್ನೂರಿಗೆ ಹೋದರು. ಅಲ್ಲಿ ದಾದಾಪೀರನ ಬ್ಯಾಟರಿ ಅಂಗಡಿ. ನನ್ನನ್ನು ಮಾಡಿದ ಕಂಪನಿ ಬಾಗಿಲು ಹಾಕಿದೆ, ಅದೇ ಪೆಟ್ಟಿಗೆ ಸಿಗುವುದಿಲ್ಲ ಎಂದು ಅವನು ನೋಡಿದ ತಕ್ಷಣ ಹೇಳಿದ. ಮೋಟರಿನ ಮೇಲಿದ್ದ ಅಂಕಿ ಓದಿ, ನನಗೆ ಒಗ್ಗುವ ಎರಡು ಬ್ಯಾಟರಿಗಳನ್ನು ಬೆಂಚಿನ ಮೇಲೆ ಇಟ್ಟ. ಒಂದು ನನ್ನ ಹಳೆಯದರ ಜಾತಿಯದು, ಎರಡೂವರೆ ಕಿಲೋ. ಇನ್ನೊಂದು ಸೀಸದ್ದು, ಮೂರು ಬ್ಯಾಟರಿ ಸೇರಿಸಿ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿದ್ದು, ಹನ್ನೆರಡು ಕಿಲೋಗಿಂತ ಹೆಚ್ಚು.

ದಾದಾಪೀರ ಕೆಟ್ಟ ಮನುಷ್ಯನಲ್ಲ. ತಿಳಿದದ್ದನ್ನು ತಿಳಿದ ಹಾಗೆ ಹೇಳಿದ. "ಯಜಮಾನ್ರ, ಇದು ಹಗುರಂದು ತಗೋರಿ. ಬಿಸಿಲಿಗೊಂದು ಇಡಬ್ಯಾಡ್ರಿ, ಅಷ್ಟ. ನಡು ದಾರ್ಯಾಗ ಖಾಲಿ ಆತು ಅಂದ್ರೂ ತಳ್ಳಿಕೊಂಡು ಹೋಗಬಹುದು. ಸೀಸದ್ದು ಖಾಲಿ ಆತು ಅಂದ್ರ ಹೆಣ ಹೊತ್ತಂಗ."

ಬೆಲೆಯಲ್ಲಿ ಹೆಚ್ಚು ಕಡಿಮೆ ಇತ್ತು. ಆದರೆ ಮೈಲಾರಪ್ಪ ಆರಿಸಿದ್ದು ಬೆಲೆ ನೋಡಿ ಅಲ್ಲ. ಹಮಾಲಿ ಕೈ ಅದು, ಎಲ್ಲವನ್ನೂ ಎತ್ತಿ ನೋಡಿಯೇ ನಂಬುವ ಕೈ. ಹಗುರದ್ದನ್ನು ಅಂಗೈಯಲ್ಲಿಟ್ಟು ಎರಡು ಸಲ ಕುಣಿಸಿದ. ಕೆಳಗಿಟ್ಟ. ಸೀಸದ್ದನ್ನು ಎರಡೂ ಕೈಯಿಂದ ಎತ್ತಿದ. ಮುಖ ಕೆಂಪಾಯಿತು, ಕತ್ತಿನ ನರ ಬಿಗಿಯಿತು, ಕಣ್ಣಿನಲ್ಲಿ ಮಾತ್ರ ಹಳೆಯ ದಿನಗಳ ಕಳೆ ಬಂತು.

"ಆ ಹಗುರದ್ದರಾಗ ಏನೈತಿ ದಾದಾ, ಮಂಡಕ್ಕಿ ಚೀಲ ಎತ್ತಿದಂಗಾತು. ತಾಕತ್ತು ಇದ್ದದ್ದು ತೂಗತೈತಿ."

ಕೊಟ್ರವ್ವ ಬಾಗಿಲಲ್ಲಿ ನನ್ನನ್ನು ಹಿಡಿದು ನಿಂತಿದ್ದಳು. ಅವಳ ಕೈ ನನ್ನ ಹಿಡಿಕೆಯ ಮೇಲೆ ಬಿಗಿಯಾದದ್ದು ನನಗೆ ತಿಳಿಯಿತು.

"ನೀರು ಹೊಡದ ಮೆಣಸಿನಕಾಯೀನೂ ತೂಗತೈತ್ರೀ," ಅಂದಳು. "ನಿಮಗ ಗೊತ್ತಿಲ್ಲದ್ದೇನು ಅದು?"

ಭಲೆ ಅಂದುಕೊಂಡೆ. ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಅವನು ಕಣ್ಣಾರೆ ಕಂಡ ಮೋಸವನ್ನೇ ಅವಳು ಎತ್ತಿ ಅವನ ಮುಂದಿಟ್ಟಿದ್ದಳು. ದಾದಾಪೀರನೂ ನಕ್ಕ. ಆ ನಗುವೇ ಕೆಡಿಸಿತು. ಪರರ ಮುಂದೆ ಹೆಂಡತಿಯ ಮಾತು ಗೆದ್ದರೆ ಈ ಗಂಡಸರಿಗೆ ಅದೇನು ಮುಳ್ಳು ಚುಚ್ಚುತ್ತದೋ.

"ಬಿಸಿಲಿಗೆ ಇಟ್ಟಾಕಿ ನೀ," ಅಂದ ಮೈಲಾರಪ್ಪ. "ಸುಮ್ಮನ ನಿಲ್ಲು."

ಮನೆಯಲ್ಲಿ ನಕ್ಕು ಬಿಟ್ಟಿದ್ದ ಮಾತನ್ನು ಅಂಗಡಿಯಲ್ಲಿ ಹೊರತೆಗೆದ. ಒಂದು ಸಲ ತಪ್ಪು ಮಾಡಿದವರು ಆಮೇಲೆ ಸರಿ ಹೇಳಿದರೂ ಕೇಳುವವರಿಲ್ಲ. ಸೀಸದ ಪೆಟ್ಟಿಗೆಯನ್ನು ನನ್ನ ಕ್ಯಾರಿಯರಿಗೆ ಪಟ್ಟಿ ಹಾಕಿ ಬಿಗಿದರು. ನನ್ನ ಹಿಂದಿನ ಗಾಲಿ ಅಷ್ಟಕ್ಕೇ ಉಸ್ಸೆಂದಿತು.

ಮೊದಲ ಮೂರು ತಿಂಗಳು ಅವನ ಮಾತೇ ಗೆದ್ದಂತೆ ಕಂಡಿತು. ನಾನು ಏದುಸಿರು ಬಿಡುತ್ತಾ ಏರು ಹತ್ತಿದೆ. ನೋಡಿದ್ಯಾ ಎಂದು ಅವನು ಹೆಂಡತಿಯ ಕಡೆ ತಿರುಗುತ್ತಿದ್ದ, ಅವಳು ರೊಟ್ಟಿ ತಟ್ಟುತ್ತಿದ್ದಳು. ಮಳೆಗಾಲ ಕಳೆಯಿತು. ಸೀಸದ ಬುದ್ಧಿ ಆಗ ಹೊರಬಿತ್ತು. ನಿಂತಾಗ ಹಿಡಿಕೆಯ ಹತ್ತಿರ ಮೂರು ದೀಪ ಹತ್ತುತ್ತಿದ್ದವು. ಏರಿನ ಅರ್ಧಕ್ಕೆ ಒಂದೂ ಇರುತ್ತಿರಲಿಲ್ಲ, ಉಳಿದರ್ಧ ಅವನು ನಿಂತು ನಿಂತು ತಳ್ಳುತ್ತಿದ್ದ. ಮೋಟರಿಗೆ ಅನ್ನವಿಲ್ಲದಿದ್ದರೂ ಪೆಟ್ಟಿಗೆಯ ತೂಕ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಖಾಲಿ ಚೀಲ ಹಗುರವಾಗುತ್ತದೆ. ಖಾಲಿ ಬ್ಯಾಟರಿ ಆಗುವುದಿಲ್ಲ. ಇಷ್ಟು ಸಣ್ಣ ಮಾತು ಆ ಹಮಾಲಿಯ ತಲೆಗೆ ಹೊಳೆದಿರಲಿಲ್ಲ.

ಮಾಗಿಯಲ್ಲಿ ತಾಂಡಾದ ಒಬ್ಬ ಅಜ್ಜಿ ತೀರಿಕೊಂಡಳು. ಮರುದಿನ ಬೆಳಿಗ್ಗೆ ಮೊದಲ ನೀರು ತಾಂಡಾಕ್ಕೆ ಬಿಡಬೇಕು, ಹೆಣ ತೊಳೆಯಬೇಕು, ಮಣ್ಣು ಮಾಡಿ ಬಂದವರ ಸ್ನಾನವಾಗಬೇಕು ಎಂದು ಫಕ್ಕೀರಗೌಡ ಹೇಳಿಕಳಿಸಿದ. ಆಗಲಿ ಎಂದ ಮೈಲಾರಪ್ಪ. ಇನ್ನೂ ಮಂಜು ಕರಗದ ಹೊತ್ತಿಗೆ, ದಿನಕ್ಕಿಂತ ಮೊದಲೇ ಹೊರಟ. ಮೂರು ದೀಪ ಉರಿಯುತ್ತಿದ್ದವು.

ಏರಿನ ಕಾಲುಭಾಗಕ್ಕೆ ಮೂರೂ ಆರಿದವು.

ಅವನು ಇಳಿದು ತಳ್ಳತೊಡಗಿದ. ನನ್ನನ್ನು ಬಿಟ್ಟು ಹೋಗೋ, ಚಾವಿ ಬಿಚ್ಚಿಕೊಂಡು ಕೂತು ನಿಂತು ಹೋಗೋ ಎಂದು ಮನಸ್ಸಿನಲ್ಲೇ ಬಡಿದುಕೊಂಡೆ. ಅವನು ಬಿಡುವವನಲ್ಲ. ಹಮಾಲರಲ್ಲಿ ಒಂದು ನೇಮವಿದೆ, ಹೊತ್ತ ಭಾರವನ್ನು ನಡುದಾರಿಯಲ್ಲಿ ಇಳಿಸಬಾರದು. ಇಳಿಸಿದರೆ ಮತ್ತೆ ಬೆನ್ನಿಗೆ ಎತ್ತಿಕೊಡುವವರು ಯಾರು? ಆ ನೇಮ ಅವನ ಮೈಗೆ ಹತ್ತಿತ್ತು. ಹತ್ತು ಹೆಜ್ಜೆ ತಳ್ಳಿದ, ನಿಂತ. ಐದು ಹೆಜ್ಜೆ ತಳ್ಳಿದ, ನಿಂತ. ಸಣ್ಣ ಮೋರಿಯ ಹತ್ತಿರ ಬಂದಾಗ ಎರಡೂ ತೋಳಿನಿಂದ ನನ್ನನ್ನು ತಬ್ಬಿಕೊಂಡು ಮೋರಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅವನ ಎದೆ ನನ್ನ ಕೊಳವೆಗೆ ಒತ್ತಿತ್ತು. ಒಳಗೆ ತೂತು ಬಿದ್ದ ಟ್ಯೂಬಿನ ಸದ್ದು. ಕಿಸೆಯಲ್ಲಿ ಫೋನು ಎರಡು ಸಲ ಕೂಗಿತು. ಎತ್ತಿ ಮಾತಾಡಲು ಉಸಿರು ಬೇಕಲ್ಲ.

ಮಂಜು ಕರಗಿತು, ಬಿಸಿಲು ಬಂತು. ತಾಂಡಾದಲ್ಲಿ ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಜನ ನಲ್ಲಿಯ ಮುಂದೆ ಕಾಯುತ್ತಿದ್ದರಂತೆ. ಎಂಟು ಗಂಟೆಗೆ ಮೋಟರ್ ಸೈಕಲ್ಲಿನ ಹಿಂದೆ ಕೂತು ಫಕ್ಕೀರಗೌಡ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನನ್ನ ಕೊಳವೆಗೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದ.

"ಒಂದು ಹತ್ತು ನಿಮಿಷ ಕೊಡ್ರಿ, ಗೌಡ್ರ," ಎಂದ ಮೈಲಾರಪ್ಪ. ಒಂದೊಂದು ಮಾತಿಗೂ ನಡುವೆ ಉಸಿರು.

"ಹೆಣ ಕಾಯಾಕತ್ತೈತಿ, ಮೈಲಾರಪ್ಪ. ಮನಿಗೆ ಹೋಗು. ನಿನ್ನಿಂದ ಆಗೂದಿಲ್ಲ."

ಚಾವಿಯನ್ನು ಮೋಟರ್ ಸೈಕಲ್ಲಿನವನ ಕೈಗೆ ಕೊಟ್ಟ. ಅವರು ಏರಿ ಹೋದರು. ಸ್ವಲ್ಪ ಹೊತ್ತಿಗೆ ನೆಲದೊಳಗಿನ ಪೈಪಿನಲ್ಲಿ ನೀರು ಹರಿಯುವ ಸದ್ದು ಬಂತು, ನಮ್ಮ ಕಾಲ ಕೆಳಗೇ.

ಈಗ ನಾನು ಅವರ ಮನೆಯ ಗೋಡೆಗೆ ಒರಗಿ ನಿಂತಿದ್ದೇನೆ. ಗಾಲಿಗೆ ಗಾಳಿಯಿಲ್ಲ. ಕೊಟ್ರವ್ವ ದಿನಾ ತೊಟ್ಟು ಮುರಿಯಲು ಹೋಗುತ್ತಾಳೆ. ಬರುವಾಗ ಕೆಮ್ಮುತ್ತಾ ಬರುತ್ತಾಳೆ. ಮನೆಯಲ್ಲಿ ಈಗ ಎರಡು ಕೆಮ್ಮು, ಯಾವುದು ಯಾರದೆಂದು ನನಗೆ ನೋಡದೆಯೇ ಗೊತ್ತಾಗುತ್ತದೆ. ಮಂಕಾದ ಸೆಲ್ಲುಗಳನ್ನು ಅವಳು ನನ್ನ ಸೀಟಿನ ಮೇಲೆ ಬಿಸಿಲಿಗೆ ಇಡುತ್ತಾಳೆ. ಇಡುವ ಮೊದಲು ಒಂದು ಗಳಿಗೆ ಕೈ ತಡೆಯುತ್ತದೆ. ಆಮೇಲೆ ಇಡುತ್ತಾಳೆ.

ಹೊಸ ನೀರಗಂಟಿ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾನೆ. ಹಾಗಾಗಿ ನೀರನ್ನು ಡ್ರಮ್ಮಿನಲ್ಲಿ ತುಂಬಿಡಬೇಕು. ಮಂಗ ಬಂದು ಮುಚ್ಚಳ ತೆಗೆಯುತ್ತದೆ ಎಂದು ಮುಚ್ಚಳದ ಮೇಲೆ ಆ ಸೀಸದ ಪೆಟ್ಟಿಗೆ ಹೇರಿದ್ದಾರೆ. ತೂಕದ್ದಲ್ಲವೇ, ಅಲುಗುವುದಿಲ್ಲ. ಕೆಲಸಕ್ಕೆ ಹೋಗುವ ಮೊದಲು ಕೊಟ್ರವ್ವ ಒಂದು ತಂಬಿಗೆ ನೀರು ಗಂಡನ ಕೈಗೆಟುಕುವಂತೆ ಇಟ್ಟುಹೋಗುತ್ತಾಳೆ.

ಮೊನ್ನೆ ಕೆಮ್ಮಿನ ರಭಸಕ್ಕೆ ಕೈ ತಾಗಿ ತಂಬಿಗೆ ಉರುಳಿತು. ಮೈಲಾರಪ್ಪ ಗೋಡೆ ಹಿಡಿದು ಎದ್ದ, ಡ್ರಮ್ಮಿನ ಹತ್ತಿರ ಬಂದ, ಪೆಟ್ಟಿಗೆಗೆ ಎರಡೂ ಕೈ ಹಾಕಿದ. ಎತ್ತಲಾಗಲಿಲ್ಲ. ನೂಕಿದ. ಸರಿಯಲಿಲ್ಲ. ಮೂರು ಕೇರಿಗೆ ನೀರು ಬಿಟ್ಟವನು ತುಂಬಿದ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತ. ಹೆಂಡತಿ ಬರಲು ಇನ್ನೂ ಮೂರು ತಾಸಿತ್ತು. ನನ್ನ ಸೀಟಿನ ಮೇಲೆ ಸೆಲ್ಲುಗಳು ಕಾಯುತ್ತಿದ್ದವು.