ಗೋಡೆಯಾಚೆಯ ಹಿಡಿ

ಬಣ್ಣದ ಕಾರ್ಖಾನೆಯ ಗೋಡೆಯೊಳಗೆ ತುಕ್ಕು ಹಿಡಿದು ಕೂತಿದ್ದ ಬಾಯ್ಲರಿನ ಪೈಪನ್ನು ಬಿಚ್ಚಿದವನು ತಾನೊಬ್ಬನೇ ಎಂದು ಮುದಿ ಫಿಟ್ಟರ್ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ. ಘಟಾನುಘಟಿಗಳ ಕೈಯಲ್ಲಿ ಜಪ್ಪಯ್ಯ ಎಂದರೂ ಅಲುಗದ ಪೈಪು ಅದು. ಅಂಗೈ ಸುಲಿದು ರಕ್ತ ಒಸರಿದರೂ ಅವನು ರೆಂಚ್ ಕೈಬಿಟ್ಟಿರಲಿಲ್ಲ. "ಎಡಕ್ಕೆ ತಿರುಗಿಸಿದೆ, ಬಂತು" ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು.

ಈಗ ಇನ್ನೊಂದು ಪೈಪು ಅವನ ಕಣ್ಣಿಗೆ ಮುಳ್ಳಾಗಿತ್ತು. ತಮ್ಮನೊಡನೆ ಮಾತು ಮುರಿದು, ಮನೆಯ ನಡುವೆ ಗೋಡೆ ಎದ್ದ ಮೇಲೂ ತನ್ನ ತೊಟ್ಟಿಯ ನೀರು ಆ ಗೋಡೆಯನ್ನು ತೂರಿ ತಮ್ಮನ ಅಡುಗೆಮನೆಗೆ ಹೋಗುತ್ತಿತ್ತು. ತಮ್ಮನ ಹಂಗಿಲ್ಲದೆ ಅದನ್ನು ಕಿತ್ತೊಗೆಯಬೇಕೆಂಬುದು ಅವನ ಹಟ. ನೀರು ನಿಲ್ಲಿಸಿ ಉಳಿದದ್ದನ್ನೆಲ್ಲ ಬಿಚ್ಚಿದ್ದ. ಗೋಡೆಯೊಳಗಿನ ತುಂಡಿನ ತುದಿಗೆ ಕಚ್ಚಿಕೊಂಡಿದ್ದ ಸಾಕೆಟ್ಟು, ಪೈಪು ಕೂಡಿಸುವ ಕಬ್ಬಿಣದ ಬಳೆ, ಮಾತ್ರ ಬರಲೊಲ್ಲದು. ತಿರುಗಿಸಿದರೆ ಪೈಪೇ ಜೊತೆಗೆ ತಿರುಗುತ್ತಿತ್ತು. ಈಚೆಯಿಂದ ಎರಡನೆಯ ರೆಂಚ್ ಹಾಕಲು ಜಾಗವಿಲ್ಲ. ಆಚೆಯಿಂದ ಹಿಡಿಯಲು ಬಂದವಳು ತಮ್ಮನ ಮಗಳು. ಅವಳದೂ ಕೊಳಾಯಿ ರಿಪೇರಿಯದೇ ಕಸುಬು.

"ಬೇಗ ಮುಗಿಸಿ ದೊಡ್ಡಪ್ಪ. ನಿಮ್ಮ ನೀರು ನಮಗೂ ಬೇಡ, ಬೇರೆ ಲೈನ್ ಹಾಕ್ಕೊಂಡಿದ್ದೀವಿ," ಎಂದಳು ಗೋಡೆಯ ಸಂದಿಯಿಂದ.

"ಬಾಯಿ ಕಡಿಮೆ ಮಾಡು. ನಾನು ಎಡಕ್ಕೆ ತಿರುಗಿಸ್ತೀನಿ. ನೀನು ಎದುರಿಗಿದ್ದೀಯ, ಬಲಕ್ಕೆ ತಿರುಗಿಸು."

ಸಾಕೆಟ್ಟೂ ಪೈಪೂ ಒಂದಾಗಿ ಗರಗರನೆ ಸುತ್ತಿದವು. ಗಾರೆ ಉದುರಿ ಅವನ ಮೀಸೆಯ ಮೇಲೆ ಬಿತ್ತು.

"ಇದು ಬಿಚ್ಚೋದಾ, ರಾಟೆ ತಿರುಗಿಸೋದಾ?"

"ನಿಮ್ಮಪ್ಪನ ಮಗಳಲ್ವಾ. ಕೈಯಲ್ಲಿ ಕಸುವಿಲ್ಲ."

"ಕಸುವು ಇರೋದಕ್ಕೇ ನಿಮ್ಮ ಜೊತೆ ಸುತ್ತಿದ್ದು. ನೀವೂ ಗೋಡೆಗೆ ಮುಖ ಮಾಡಿದ್ದೀರಿ, ನಾನೂ ಮಾಡಿದ್ದೀನಿ. ನನ್ನ ಬಲ ಅಂದ್ರೆ ನಿಮ್ಮ ಎಡ. ಇಬ್ಬರೂ ಒಂದೇ ಕಡೆ ತಿರುಗಿಸಿದ್ರೆ ಯಾವ ತಿರುಪು ತಾನೇ ಬಿಡುತ್ತೆ? ಈಗ ನಾನೂ ನನ್ನ ಎಡಕ್ಕೇ ತಿರುಗಿಸ್ತೀನಿ."

"ಬಾಯ್ಲರಿನ ಪೈಪು ಬಿಚ್ಚಿದವನಿಗೆ ಕಲಿಸೋಕೆ ಬಂದೆಯಾ?"

ಆಚೆ ಅವಳ ರೆಂಚ್ ಪೈಪನ್ನು ಕಚ್ಚಿದ ಸದ್ದಾಯಿತು. ಹಲ್ಲು ಕಚ್ಚಿ ಅವನು ರೆಂಚನ್ನು ಎಡಕ್ಕೆ ಒತ್ತಿದ. ಕಬ್ಬಿಣ ಕಿರ್ರೆಂದು ಚೀರಿತು. ಸಾಕೆಟ್ಟು ಸಡಿಲಿ ಅಂಗೈಗೆ ಬಂತು. ಗೋಡೆಯ ಆಚೆಯಿಂದ ತನ್ನ ಶಕ್ತಿಗೆ ಎದುರಾಗಿ ಬಂದ ಆ ಜಗ್ಗುವಿಕೆಯನ್ನು ಅವನ ಕೈ ಹಿಂದೊಮ್ಮೆ ಕಂಡಿತ್ತು. ನಾಲಿಗೆ ಮಾತ್ರ ಅದನ್ನು ಕಥೆಯೊಳಗೆ ಬಿಟ್ಟುಕೊಂಡಿರಲಿಲ್ಲ.

ಅವಳು ಪೈಪಿನ ತುಂಡನ್ನು ಎಳೆದುಕೊಂಡಳು. ತೂತಿನಲ್ಲಿ ಅವಳ ಒಂದು ಕಣ್ಣು ಕಾಣಿಸಿತು.

"ಅಪ್ಪ ಕಲಿಸಿದ್ದು. ಕಾರ್ಖಾನೆಯಲ್ಲೂ ಅವರು ಹೀಗೇ ತಿರುಗಿಸಿದ್ದರಂತೆ."

"ಹೋಗಿ ಹೇಳು ನಿಮ್ಮಪ್ಪನಿಗೆ, ಇನ್ನು ಈ ಮನೆಯ ಹನಿ ನೀರೂ ಆ ಕಡೆ ಬರಲ್ಲ ಅಂತ," ಎಂದು ಅವನು ಕಲಸಿಟ್ಟ ಸಿಮೆಂಟನ್ನು ಮುಷ್ಟಿಯಲ್ಲಿ ತೆಗೆದುಕೊಂಡ.

ಕಣ್ಣು ಕದಲಲಿಲ್ಲ.

"ಮುಚ್ಚೋದಕ್ಕೆ ಮುಂಚೆ ಆ ಬಾಯ್ಲರಿನ ಕಥೆ ಇನ್ನೊಂದ್ಸಲ ಹೇಳಿ ದೊಡ್ಡಪ್ಪ. ಈ ಸಲ ಗೋಡೆ ಆಚೆ ಹಿಡಿದವರು ಯಾರು ಅನ್ನೋದನ್ನೂ ಸೇರಿಸಿ."