ಮೆತ್ತಗಿನ ದನಿ

ನನ್ನ ತಂಗಿಯ ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅದು ಎಲ್ಲಿ ಅಡಗುತ್ತಿತ್ತೋ ನಾ ಕಾಣೆ. ಅವನು ಕ್ಷೌರಿಕ. ಕಿರುಚಿ, ಕುರ್ಚಿ ಒದ್ದು ರಂಪ ಮಾಡುವ ಪೋರರನ್ನೂ ಏನೇನೋ ಕಥೆ ಕಟ್ಟಿ ನಗಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿಬಿಡುತ್ತಿದ್ದ. "ಎಂಥಾ ತಾಳ್ಮೆ ಅಣ್ಣಾ ನಿಮ್ಮದು!" ಎಂದು ತಾಯಂದಿರು ಹೊಗಳುವಾಗ, ಪಕ್ಕದ ಮಳಿಗೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದ್ದ ತಾಳ್ಮೆಯನ್ನೆಲ್ಲ ಕಂಡವರ ಮಕ್ಕಳಿಗೆ ಹಂಚಿ, ಮನೆಗೆ ಹೋಗಿ ಸ್ವಂತ ಮಗಳಿಗೆ ಬಾರಿಸುತ್ತಿದ್ದ.

ಮಗಳನ್ನು ನಾವೆಲ್ಲ ಗಿಣಿ ಎನ್ನುತ್ತೇವೆ. ಹಾಲುಹಲ್ಲು ಬರುವಾಗಲೇ ಪಟಪಟ ಮಾತಾಡುತ್ತಿದ್ದಳೆಂದು ಅವನೇ ಇಟ್ಟ ಹೆಸರು. ಎರಡನೇ ತರಗತಿಗೆ ಬರುವ ಹೊತ್ತಿಗೆ ಬಾಯಿಗೆ ಬೀಗ ಬಿದ್ದಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಹಾಲು ಚೆಲ್ಲಿದರೆ ಏಟು, ಲೆಕ್ಕ ತಪ್ಪಿದರೆ ಏಟು, ಏಟಿಗೆ ಅತ್ತರೆ ಅದಕ್ಕೂ ಒಂದು. ತಂಗಿ ಅಡ್ಡ ಹೋದರೆ ಅವಳಿಗೂ ಮಂಗಳಾರತಿ. ಒಂದು ದಿನ ಗಿಣಿ ಕೆನ್ನೆಯ ಮೇಲೆ ಬೆರಳುಗಳ ಗುರುತು ಹೊತ್ತುಕೊಂಡೇ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಅಪ್ಪ ಅಮ್ಮನನ್ನು ಕರೆಸಿ, ಶಾಲೆಯ ಸಭಾಂಗಣದಲ್ಲಿ ಪ್ರತಿ ವಾರ ನಡೆಯುವ ಹೆತ್ತವರ ತರಗತಿಗೆ ಸೇರಲೇಬೇಕು ಎಂದರು. ಹೊಡೆಯದೆ, ಹೆದರಿಸದೆ ಮಕ್ಕಳನ್ನು ಬೆಳೆಸುವುದು ಹೇಗೆಂದು ಅಲ್ಲಿ ಕಲಿಸುತ್ತಾರಂತೆ.

"ಅಪ್ಪ ಆಗೋದಕ್ಕೂ ಟ್ಯೂಷನ್ನಾ ಅಕ್ಕಾ?" ಎಂದು ನನ್ನೆದುರು ನಕ್ಕ.

"ಫೇಲಾದವರಿಗೇ ಕಣಪ್ಪಾ ಟ್ಯೂಷನ್ನು," ಎಂದೆ. "ಕೇಳು, ಆ ತರಗತಿ ಮುಗಿಯೋವರೆಗೂ ನೋಡ್ತೀನಿ. ಆಮೇಲೂ ಮಗು ನಿನಗೆ ಹೆದರ್ತಾ ಇದ್ರೆ ನನ್ನ ಮನೆಗೆ ಕರ್ಕೊಂಡು ಹೋಗಿ ನಾನೇ ಸಾಕ್ತೀನಿ. ನಿನ್ನ ಹೆಂಡ್ತೀನೂ ಒಪ್ಪಿದ್ದಾಳೆ."

ಅವನ ನಗು ಇಳಿಯಿತು. ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ತಲೆ ಎತ್ತದೆಯೇ ಹೌದೆಂದಳು.

ನಾಲ್ಕು ದಿನದ ಆಟ ಎಂದುಕೊಂಡಿದ್ದೆ. ಆದರೆ ಸುಳ್ಳು ಹೇಳಬಾರದು, ಅವನು ಕಲಿತ. ಹಟ ಹಿಡಿದು ಕಲಿತ. ತರಗತಿಯಲ್ಲಿ ಹೇಳಿಕೊಟ್ಟ ಮಾತುಗಳನ್ನು ಗಿರಾಕಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಒಮ್ಮೆ ಯಾರೋ ಕಿವಿಯ ಮುಂದಿನ ಕೂದಲು ಒಂದು ಕಡೆ ಮೋಟಾಯಿತೆಂದು ಕೂಗಾಡಿದಾಗ, "ನಿಮಗೆ ಕೋಪ ಬಂದಿದೆ ಅಂತ ನನಗೆ ಅರ್ಥ ಆಗುತ್ತೆ. ಕೋಪ ಬರೋದು ತಪ್ಪಲ್ಲ," ಎಂದ. "ಕೂದಲು ಹೋಗಿದ್ದು ತಪ್ಪು ತಾನೇ?" ಎಂದು ಆ ಮನುಷ್ಯ ಕನ್ನಡಿ ಬಡಿದ. ನಾನು ಯಂತ್ರ ನಿಲ್ಲಿಸಿ ನಕ್ಕೆ. ಆದರೆ ಮನೆಯಲ್ಲಿ ಹೊಡೆಯುವುದು ನಿಜವಾಗಿಯೂ ನಿಂತಿತು. ದನಿ ಏರಿಸುವುದೂ ನಿಂತಿತು ಎಂದು ತಂಗಿ ಹೇಳಿದಳು.

ಮಗುವಿನ ಕಣ್ಣಿಗೆ ಕಣ್ಣು ಸಮನಾಗುವಂತೆ ಕೂತು ಮಾತಾಡಿ ಎಂದು ತರಗತಿಯಲ್ಲಿ ಹೇಳಿದ್ದರು. ವರ್ಷಗಟ್ಟಲೆ ನಿಂತೇ ದುಡಿದವನ ಮಂಡಿ ಕೆಟ್ಟು ಹೋಗಿತ್ತು, ಕೆಳಗೆ ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು. ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ. ಗಿಣಿ ಏನಾದರೂ ತಪ್ಪು ಮಾಡಿದರೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿ, ಕುರ್ಚಿಯ ಬುಡದ ಸನ್ನೆಕೋಲನ್ನು ಕಾಲಲ್ಲಿ ಒತ್ತಿ ಒತ್ತಿ ತನ್ನ ಕಣ್ಣಿನ ಮಟ್ಟಕ್ಕೆ ಏರಿಸುತ್ತಿದ್ದ. ಆ ಕುರ್ಚಿಯಲ್ಲಿ ಯಾರೇ ಕೂತರೂ ಅವನ ಕೈ ತಾನಾಗಿಯೇ ಬಿಳಿ ಬಟ್ಟೆ ಕೊಡವಿ ಕೊರಳಿಗೆ ಸುತ್ತಿ ಗಂಟು ಹಾಕುತ್ತದೆ. ಗಿಣಿಗೂ ಹಾಕುತ್ತಿತ್ತು. ಅದು ಅವನ ಗಮನಕ್ಕೇ ಬಂದಿರಲಿಲ್ಲ.

ಒಂದು ಮಧ್ಯಾಹ್ನ ದಾರದ ಉಂಡೆ ತರಲು ಹೊರಟವಳು ಗಾಜಿನ ಬಾಗಿಲಿನಾಚೆ ಅವರನ್ನು ಕಂಡು ನಿಂತೆ. ಬಟ್ಟೆಯ ಮೇಲೆ ಗಿಣಿಯ ತಲೆಯಷ್ಟೇ ಕಾಣುತ್ತಿತ್ತು.

"ಪುಸ್ತಕ ಹರಿದಿದ್ದಕ್ಕೆ ಅಪ್ಪನಿಗೆ ಬೇಜಾರಾಯ್ತು ಗಿಣಿ," ಎನ್ನುತ್ತಿದ್ದ ಮೆತ್ತಗೆ. "ಆದ್ರೆ ನೀನು ಅಂದ್ರೆ ನನಗೆ ಪ್ರಾಣ. ಇನ್ಮೇಲೆ ಹುಷಾರಾಗಿ ಇಟ್ಕೋತೀಯಾ?"

ಗಿಣಿ ತಲೆಯಾಡಿಸಿದಳು. ಅಳಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ನನ್ನ ಕರುಳು ಕರಗಿತು. ಇಷ್ಟು ದಿನ ಅವನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡಿದ್ದೆನಲ್ಲ ಎನಿಸಿ, ಬರುವಾಗ ಅವನಿಗೂ ಒಂದು ಲೋಟ ಚಹಾ ತಂದುಕೊಟ್ಟೆ.

ತರಗತಿಯ ಕೊನೆಯ ದಿನ ಕಲಿಸುವ ಹುಡುಗಿ ಅವನನ್ನು ಎಬ್ಬಿಸಿ ನಿಲ್ಲಿಸಿ ಕುರ್ಚಿಯ ಕಥೆ ಹೇಳಿಸಿದಳಂತೆ. ಎಲ್ಲರೂ ಚಪ್ಪಾಳೆ ಹೊಡೆದರಂತೆ, ಇವನು ಕಣ್ಣೊರೆಸಿಕೊಂಡನಂತೆ. ಅಲ್ಲಿಂದ ಹೆಂಡತಿ ಮಗಳ ಜೊತೆ ನೇರ ನನ್ನ ಮಳಿಗೆಗೆ ಬಂದ.

"ಅಕ್ಕಾ, ಮಾತು ಅಂದ್ರೆ ಮಾತು. ನೀವೇ ಅವಳನ್ನ ಕೇಳಿ. ನಾನು ಎದುರಿಗಿದ್ರೆ ಮುಲಾಜಿಗೆ ಹೇಳ್ತಾಳೆ."

ಹಾಗೆಂದು ಹೊರಗೆ ಹೋಗಿ, ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತ. ಅಲ್ಲಿಗೆ ಒಳಗಿನ ಮಾತು ಕೇಳಿಸುತ್ತದೆಂದು ನನಗೂ ಗೊತ್ತು, ಅವನಿಗೂ ಗೊತ್ತು. ದೇವರಾಣೆ, ಅವನು ಗೆಲ್ಲಲಿ ಎಂದೇ ನನಗೂ ಇತ್ತು.

"ಗಿಣಿ, ಅಪ್ಪ ಈಗ ಹೊಡೀತಾರಾ?"

"ಇಲ್ಲ."

"ಬೈತಾರಾ?"

"ಇಲ್ಲ."

"ಮತ್ತೆ? ಈಗ ಭಯ ಇಲ್ಲ ಅಲ್ವಾ?"

ಯಂತ್ರದ ಮೇಲಿದ್ದ ಬಟ್ಟೆಯ ಅಂಚಿನಿಂದ ಅವಳು ಒಂದು ಎಳೆ ಕೀಳತೊಡಗಿದಳು. "ಮೊದಲೇ ಚೆನ್ನಾಗಿತ್ತು ದೊಡ್ಡಮ್ಮ."

"ಏನೇ ಹಾಗಂದ್ರೆ?" ಎಂದಳು ನನ್ನ ತಂಗಿ.

"ಮೊದಲು ಅಪ್ಪ ಜೋರಾಗಿ ಕೂಗ್ತಿದ್ರು. ಇನ್ನೇನು ಹೊಡೀತಾರೆ ಅಂತ ಗೊತ್ತಾಗ್ತಿತ್ತು. ತಲೆ ಮೇಲೆ ಕೈ ಇಟ್ಕೋತಿದ್ದೆ. ಹೊಡೆದ ಮೇಲೆ ಮುಗೀತಿತ್ತು, ಆಟಕ್ಕೆ ಹೋಗ್ತಿದ್ದೆ." ಎಳೆ ಕಿತ್ತು ಬಂತು. ಇನ್ನೊಂದನ್ನು ಹಿಡಿದಳು. "ಈಗ ಯಾವಾಗ್ಲೂ ಮೆತ್ತಗೇ ಮಾತಾಡ್ತಾರೆ. ಯಾವಾಗ ಹೊಡೀತಾರೆ ಅಂತ ಗೊತ್ತೇ ಆಗಲ್ಲ. ಕುರ್ಚಿ ಮೇಲೆ ನನ್ನ ಕೈ ಬಟ್ಟೆ ಒಳಗೇ ಇರುತ್ತೆ. ಕಾಯ್ತಾ ಇರ್ತೀನಿ. ಮನೇಲೂ ಕಾಯ್ತೀನಿ, ಮಲಗಿದಾಗ್ಲೂ ಕಾಯ್ತೀನಿ."

"ಹೊಡೆಯಲ್ಲ ಕಣೇ! ಇನ್ನು ಯಾವತ್ತೂ ಹೊಡೆಯಲ್ಲ," ಎಂದೆ.

"ಅಪ್ಪಾನೂ ಹಾಗೇ ಹೇಳ್ತಾರೆ," ಎಂದಳು, ನನಗೆ ಬೇಸರವಾಗದಿರಲಿ ಎನ್ನುವ ಹಾಗೆ.

ಇದಕ್ಕಿಂತ ಅವನು ಕುಡಿದು ಬಂದು ಕುರ್ಚಿ ಮುರಿದಿದ್ದರೆ ನನಗೆ ಸುಲಭವಿತ್ತು. ಬೈದು, ಮಗುವಿನ ಕೈ ಹಿಡಿದು ಧರಧರ ಹೊರಟುಬಿಡುತ್ತಿದ್ದೆ. ಕಲಿಯಬೇಕಾದ್ದನ್ನೆಲ್ಲ ಅವನು ಕಲಿತಿದ್ದ. ಅಷ್ಟರೊಳಗೆ ಇವಳು ಅವನಿಂದ ಕಲಿತು ಮುಗಿಸಿದ್ದನ್ನು ಬಿಡಿಸುವ ಟೀಚರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಮಗುವನ್ನು ನಾನೇ ಸಾಕ್ತೀನಿ ಎಂದು ಕೇಳಿದ್ದು ನನ್ನ ಮಡಿಲಿಗೇ ಬಂದಿತ್ತು, ಎತ್ತಿಕೊಳ್ಳಲು ಮನಸ್ಸಿರಲಿಲ್ಲ.

ಅವನು ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. ವಾದ ಮಾಡಲಿಲ್ಲ. "ಅವಳ ಬಟ್ಟೆ ಕಟ್ಟಿಕೊಡು," ಎಂದು ಹೆಂಡತಿಗೆ ಹೇಳಿದ. ತಂಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮನೆಯ ಕಡೆ ಓಡಿದಳು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಹಾಗಾದ್ರೆ ನಾನು ಯಾವ ದನೀಲಿ ಮಾತಾಡ್ಲಿ ಅಕ್ಕಾ?"

ಕೇಳಿದ್ದು ಮೆತ್ತಗೇ. ಆ ಮೆತ್ತಗಿನ ದನಿ ಕೇಳಿದ್ದೇ ತಡ, ಗಿಣಿ ನನ್ನ ಬೆನ್ನ ಹಿಂದೆ ಸರಿದು ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು.

ತಂಗಿ ತಂದ ಚೀಲವನ್ನು ಹೆಗಲಿಗೇರಿಸಿ, ಗಿಣಿಯ ಕೈ ಹಿಡಿದು ಮೆಟ್ಟಿಲಿಳಿದೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಂಗಡಿಯ ಬಾಗಿಲಲ್ಲಿ ಅವನು ಒಬ್ಬನೇ ನಿಂತಿದ್ದ. ಮಗಳನ್ನು ಕರೆಯಲು ಬಾಯಿ ತೆರೆದು, ಹಾಗೇ ಮುಚ್ಚಿದ. ಹೋಗಿ ಬಾ ಎನ್ನಲು ಕೈಯೆತ್ತಿದ. ಮೇಲೆದ್ದ ಆ ಕೈಯನ್ನು ಒಂದು ಗಳಿಗೆ ತಾನೇ ನೋಡಿ, ಮೆಲ್ಲಗೆ ಕೆಳಗಿಳಿಸಿ, ಬೆನ್ನ ಹಿಂದೆ ಇಟ್ಟುಕೊಂಡ.