ಸಾಹೇಬರು ಬಂದ ದಿನ ಗಿಡಕ್ಕೆ ನೀರು

ತಪಾಸಣೆಗೆ ಹೊರಟ ಬಿಇಒ ಸಾಹೇಬರು ರಾಜಘಟ್ಟ ದಾಟಿದ್ದಾರೆ ಎಂದು ಪಕ್ಕದೂರಿನ ಶಾಲೆಯವರು ಫೋನು ಮಾಡಿದ್ದೇ ತಡ, ನಮ್ಮ ಹೆಡ್‌ಮಾಸ್ಟರ್ ಗೋವಿಂದರಾಜು ಅವರು ನನ್ನ ಏಳನೇ ತರಗತಿಯ ಬಾಗಿಲಿಗೆ ಓಡಿ ಬಂದರು.

“ಸಂಘಮಿತ್ರ ಮೇಡಂ, ಓದಕ್ಕೆ ಬರ್ದಿರೋರು ಯಾರಾದ್ರೂ ಇದ್ರೆ ಗಿಡಕ್ಕೆ ನೀರು ಹಾಕಕ್ಕೆ ಕಳಿಸ್ಬಿಡಿ. ಹೋದ ವರ್ಷದ್ದು ನೆನಪಿದೆ ತಾನೆ?”

ನೆನಪಿಲ್ಲದೆ ಏನು! ಒಬ್ಬ ಹುಡುಗ ಎರಡು ಸಾಲು ಓದಲು ತಡವರಿಸಿದ್ದಕ್ಕೆ ನನಗೆ ನೋಟಿಸು ಬಂದಿತ್ತು, ಕಾರಣ ಬರೆದು ಕೊಡಿ ಎಂದು. ಆ ದಿನ ನನಗೆ ಅನ್ನ ಸೇರಲಿಲ್ಲ. ಅಲ್ಲಿಂದೀಚೆಗೆ ಸಾಹೇಬರು ಬಂದಾಗಲೆಲ್ಲ ನಮ್ಮ ಶಾಲೆಯ ನುಗ್ಗೆ, ಕರಿಬೇವಿನ ಗಿಡಗಳಿಗೆ ಭರ್ಜರಿ ನೀರು.

ನನ್ನ ಕಣ್ಣು ಅಕ್ಷತಳ ಮೇಲೆ ಬಿತ್ತು.

ಅಕ್ಷತ ಮಗ್ಗದ ಮನೆಯ ಹುಡುಗಿ. ಮಗ್ಗದ ಸದ್ದಿಗೆ ಮೀರಿ ಕೂಗಿಯೇ ಮಾತಾಡಿ ಅಭ್ಯಾಸ. ಆದರೆ ಜೂನ್‌ನಲ್ಲಿ ಪುಸ್ತಕ ಕೈಗೆ ಕೊಟ್ಟರೆ ದನಿಯೇ ಹೊರಡುತ್ತಿರಲಿಲ್ಲ. “ನಂಗೆ ಬರಲ್ಲ ಮಿಸ್,” ಅಷ್ಟೇ. ಆ ಒಂದು ಮಾತನ್ನು ಅವಳ ಬಾಯಿಂದ ತೊಲಗಿಸಲು ನನಗೆ ಐದು ತಿಂಗಳು ಹಿಡಿಯಿತು. ಮಧ್ಯಾಹ್ನ ಊಟ ಮುಗಿಸಿ ಮಿಕ್ಕವರು ಆಟಕ್ಕೆ ಓಡಿದ ಮೇಲೆ ನಾವಿಬ್ಬರೂ ಕೂತು ಓದುತ್ತಿದ್ದೆವು. ಎಷ್ಟೋ ಸಲ ರೇಗಿ ಪುಸ್ತಕ ಮುಚ್ಚಿ ಎದ್ದು ಹೋಗಿದ್ದೇನೆ, ನನ್ನ ಸಿಟ್ಟೇ ಅಂಥದ್ದು. ಮರುದಿನ ಅವಳೇ ಬಂದು ನಿಲ್ಲುತ್ತಿದ್ದಳು. ನಿನ್ನೆ ಬೆರಳಿಟ್ಟುಕೊಂಡು ಇಡೀ ಒಂದು ಪುಟ ಓದಿದಳು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಆದರೆ ನಿಧಾನ, ತೀರಾ ನಿಧಾನ. ಸಾಹೇಬರ ಮುಂದೆ ಒಂದು ಒತ್ತಕ್ಷರಕ್ಕೆ ಸಿಕ್ಕಿಕೊಂಡರೆ? ಮತ್ತೆ ನೋಟಿಸು ಬಂದರೆ?

“ಅಕ್ಷತ, ಹೋಗಿ ಗಿಡಕ್ಕೆ ನೀರು ಹಾಕಮ್ಮ.”

ಅವಳು ನಿನ್ನೆಯ ಪುಟವನ್ನೇ ತೆರೆದಿಟ್ಟುಕೊಂಡು ಕೂತಿದ್ದಳು. “ನಾನಾ ಮಿಸ್?”

“ಹೂಂ, ಬೇಗ.”

ಪುಸ್ತಕ ಮುಚ್ಚಿಟ್ಟು ಎದ್ದು ಹೋದಳು. ಈ ವಯಸ್ಸಿನ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಅಂದುಕೊಳ್ಳುವುದು ನಮ್ಮ ದಡ್ಡತನ. ಯಾರನ್ನು ಯಾಕೆ ಆಚೆ ಕಳಿಸುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಸಾಹೇಬರು ಬಂದರು. ಮುಂದಿನ ಬೆಂಚಿನ ಮುನೀಂದ್ರ ಪಟಪಟನೆ ಓದಿದ. ತಲೆದೂಗಿದರು. ಇನ್ನೇನು ಹೊರಡುತ್ತಾರೆ ಅನ್ನುವಾಗ ಹಾಜರಿ ಪುಸ್ತಕ ತೆಗೆದರು.

“ಇಪ್ಪತ್ತೆಂಟು ಹಾಜರಿ ಹಾಕಿದೀರ. ಇಲ್ಲಿ ಇಪ್ಪತ್ತೇಳೇ ಜನ ಇದ್ದಾರಲ್ಲ ಮೇಡಂ?”

ಮುನೀಂದ್ರನೇ ಎದ್ದು ಹೇಳಿದ, “ಅಕ್ಷತ ಗಿಡಕ್ಕೆ ನೀರು ಹಾಕ್ತಾವ್ಳೆ ಸಾ.”

“ಕರಿ ಅವಳನ್ನ.”

ಅಕ್ಷತ ಒದ್ದೆ ಕೈಯಲ್ಲೇ ಬಂದು ನಿಂತಳು. ಸಾಹೇಬರು ಪುಸ್ತಕ ಚಾಚಿ, “ಓದಮ್ಮ,” ಅಂದರು. ಅವಳು ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದಳು.

“ನಂಗೆ ಬರಲ್ಲ ಸಾ.”

ಹೋಗೇ ಹೋಯಿತು ಅಂದುಕೊಂಡಿದ್ದ ಮಾತು. ನನ್ನನ್ನು ಕಾಪಾಡಲು ಹೇಳಿದಳೋ, ಆಚೆ ಕಳಿಸಿದ್ದರಿಂದ ಅದನ್ನೇ ನಂಬಿಬಿಟ್ಟಳೋ, ಗೊತ್ತಿಲ್ಲ.

“ಸ್ವಲ್ಪ ಸ್ಲೋ ಹುಡುಗಿ ಸರ್,” ಎಂದು ಗೋವಿಂದರಾಜು ಅವರು ನಕ್ಕು, ಸುಮ್ಮನಿರಿ ಎಂದು ನನಗೆ ಕಣ್ಸನ್ನೆ ಮಾಡಿದರು. ಅದೇ ನನ್ನನ್ನು ಕೆರಳಿಸಿತು.

“ಬರುತ್ತೆ ಸರ್,” ಅಂದೆ. “ಅವಳಿಗೆ ಓದಕ್ಕೆ ಬರುತ್ತೆ, ನಿಧಾನ ಅಷ್ಟೆ. ನಿಮಗೆ ಹೆದರಿ ನಾನೇ ಆಚೆ ಕಳಿಸ್ದೆ. ತಪ್ಪು ನಂದು.”

ಸಾಹೇಬರು ಪೆನ್ನು ಹಿಡಿದವರು ಹಾಗೇ ನನ್ನ ಮುಖ ನೋಡುತ್ತಿದ್ದರು. ನೋಟಿಸು ಬಂದೇ ಬರುತ್ತದೆ ಅಂದುಕೊಂಡೆ.

ಅಕ್ಷತ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ತನ್ನ ಜಾಗಕ್ಕೆ ಹೋಗಿ ತನ್ನದೇ ಪುಸ್ತಕ ತಂದಳು.

“ಮಿಸ್, ನಿನ್ನೆ ಪುಟ ಓದ್ಲಾ, ಮುಂದಿನ್ದು ಓದ್ಲಾ?”

ಮುಂದಿನ ಪುಟವನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ.

“ಮುಂದಿನ್ದೇ ಓದು,” ಅಂದೆ.